ನಲವತ್ತಮೂರು ಪುಟದ ಪ್ರಯಾಣ

ರಾತ್ರಿ ಒಂದಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ ಹೊರಗೆ ‘ಟಣ್’ ಎಂದು ಸಣ್ಣ ಸದ್ದಾಯಿತು.

ಚಮಚ ತಟ್ಟೆಗೆ ತಾಗಿದರೆ ಆಗುವಷ್ಟೇ ಸದ್ದು. ಬೇರೆ ಯಾರಾದರೂ ಆಗಿದ್ದರೆ ಮಗ್ಗುಲು ಬದಲಿಸಿ ನಿದ್ದೆ ಮುಂದುವರಿಸುತ್ತಿದ್ದರು. ಆದರೆ ನಮ್ಮೂರಿನ ಅಂಚೆ ಮಾಸ್ತರ ಎಮಿಟ್ ಹೋಲ್ಕಮ್‌ಗೆ ನಿದ್ದೆ ಬಂದಿರಲಿಲ್ಲ. ಬೆಳಗ್ಗೆ ಆರಕ್ಕೆ ಹೊರಡುವವನು ರಾತ್ರಿ ಹತ್ತರಿಂದ ನಾಲ್ಕೂವರೆಯ ತನಕ ನಿದ್ರಿಸತಕ್ಕದ್ದು ಎಂದು ತಾನೇ ಬರೆದುಕೊಂಡಿದ್ದರಿಂದ ಕಣ್ಣು ಮುಚ್ಚಿಕೊಂಡು ಬಿದ್ದಿದ್ದ, ಅಷ್ಟೆ.

ಎದ್ದು ಕಿಟಕಿಯಿಂದ ನೋಡಿದ. ಜುಲೈ ತಿಂಗಳು; ಧ್ರುವಕ್ಕೆ ಹತ್ತಿರದ ನಮ್ಮೂರಲ್ಲಿ ಆಗ ರಾತ್ರಿಯೂ ಬೆಳಕೇ. ಸೂರ್ಯ ನದಿಯಾಚೆಯ ಮರಗಳ ತುದಿಗೆ ಮೊಣಕೈ ಊರಿಕೊಂಡು ಕುಳಿತಿದ್ದ. ಮುಳುಗುವ ಯೋಚನೆಯೇ ಇರಲಿಲ್ಲ. ಮನೆಯ ಹಿಂದೆ, ವಿಮಾನ ಇಳಿಸಲು ಜಲ್ಲಿ ಹಾಸಿದ ಹಾದಿಯ ಅಂಚಿನಲ್ಲಿ ಅವನ ಹಳದಿ ವಿಮಾನ, ಎರಡೇ ಸೀಟಿನದು, ಮೈಗೆ ಬಟ್ಟೆ ಹೊದಿಸಿದ್ದು, ದಪ್ಪ ಟೈರುಗಳ ಮೇಲೆ ಕಾವಿಗೆ ಕೂತ ಕೋಳಿಯಂತೆ ಕೂತಿತ್ತು. ಸುತ್ತ ಯಾರೂ ಕಾಣಲಿಲ್ಲ. ಮುಳ್ಳುಹಂದಿ ಇರಬೇಕು ಅನ್ನಿಸಿತು. ಟೈರಿನ ರುಚಿ ಒಮ್ಮೆ ಹತ್ತಿದರೆ ಮುಳ್ಳುಹಂದಿ ಬಿಡುವುದಿಲ್ಲ. ಬೂಟು ಏರಿಸಿಕೊಂಡು ಹೋಗಿ, ಎರಡೂ ಟೈರುಗಳನ್ನು ಕೈಯಿಂದ ತಡವಿ, ಹಲ್ಲಿನ ಗುರುತಿಲ್ಲವೆಂದು ಖಾತ್ರಿ ಮಾಡಿಕೊಂಡು ಬಂದು ಮಲಗಿದ. ಬಾಲದ ಕಡೆ ನೋಡಲಿಲ್ಲ. ಬಾಲದ ತಪಾಸಣೆ ಅವನ ಪಟ್ಟಿಯಲ್ಲಿ ಮೂವತ್ತೊಂದನೆಯದು; ಅದಕ್ಕೆ ರಾತ್ರಿ ಒಂಬತ್ತಕ್ಕೇ ಗೀಟು ಬಿದ್ದಾಗಿತ್ತು.

ಎಮಿಟ್‌ನ ಪ್ರಯಾಣದ ಯೋಜನೆ ನಲವತ್ತಮೂರು ಪುಟದ್ದು. ಉತ್ತರದ ಬೆಟ್ಟಸಾಲು ದಾಟಿ, ಮರವೇ ಬೆಳೆಯದ ಬಯಲು ದಾಟಿ, ಮೂರು ತೋಳಗಳ ಸರೋವರದ ತನಕ ಹೋಗಿ ಬರುವುದು. ಒಂಬೈನೂರು ಮೈಲಿ, ಹತ್ತು ದಿನ. ಯಾವ ಮರಳುದಿಣ್ಣೆಯಲ್ಲಿ ಇಳಿಯಬಹುದು, ಯಾವುದರ ಕಲ್ಲುಗಳು ಮುಷ್ಟಿಗಿಂತ ದೊಡ್ಡವು, ಯಾವ ಕಣಿವೆಯಲ್ಲಿ ಮಧ್ಯಾಹ್ನದ ಮೇಲೆ ಮೋಡ ಕವಿಯುತ್ತದೆ, ಯಾವ ಹೊಳೆಯ ತಿರುವಿನಲ್ಲಿ ಕರಡಿ ಮೀನು ಹಿಡಿಯುತ್ತದೆ, ಎಲ್ಲವೂ ಅದರಲ್ಲಿತ್ತು. ಹಲ್ಲುಜ್ಜುವ ಬ್ರಷ್ಷಿನ ಹಿಡಿ ಕತ್ತರಿಸಿ ಅರ್ಧ ಔನ್ಸ್ ಉಳಿಸಿದ ವಿಷಯ ಇಪ್ಪತ್ತೆರಡನೇ ಪುಟದಲ್ಲಿತ್ತು. ದಾರಿಯ ನಾಲ್ಕು ಕಡೆ ಪೆಟ್ರೋಲ್ ಡಬ್ಬಗಳನ್ನು ಚಳಿಗಾಲದಲ್ಲೇ ಹಿಮಗಾಡಿಯಲ್ಲಿ ಕಳಿಸಿ ಇರಿಸಿದ್ದ.

ಇದೆಲ್ಲ ಶುರುವಾಗಿ ಒಂಬತ್ತು ವರ್ಷವಾಗಿತ್ತು. ಪ್ರತಿ ಬೇಸಿಗೆಯಲ್ಲೂ ಯೋಜನೆಗೆ ಇನ್ನೂ ಐದು ಪುಟ ಬೇಕು ಅನ್ನಿಸುತ್ತಿತ್ತು. “ಮುಂದಿನ ವರ್ಷ” ಎನ್ನುತ್ತಿದ್ದ. ಊರಿನವರು ಬೆನ್ನ ಹಿಂದೆ ಅವನನ್ನು ‘ಮುಂದಿನ್ವರ್ಷ’ ಎಂದೇ ಕರೆಯುತ್ತಿದ್ದರು. ಈಚೆಗೆ ಮುಖದ ಮುಂದೆಯೂ.

ಈ ಸಲ ಮಾತ್ರ ಮುಂದಿನ ವರ್ಷ ಎನ್ನುವ ಹಾಗಿರಲಿಲ್ಲ. ಸರೋವರದ ದಡದಲ್ಲಿ ಒಂಟಿ ಮನೆ ಮಾಡಿಕೊಂಡಿದ್ದವನು ಮುದುಕ ಯಾಲ್ಮರ್. ಎಮಿಟ್‌ಗಿಂತ ಮೊದಲು ನಮ್ಮೂರಿನ ಅಂಚೆ ಮಾಸ್ತರ ಅವನೇ; ಎಮಿಟ್‌ಗೆ ವಿಮಾನ ಹಾರಿಸುವುದನ್ನು ಕಲಿಸಿದವನೂ ಅವನೇ. ಮೇ ತಿಂಗಳಲ್ಲಿ ರೇಡಿಯೊದಲ್ಲಿ ಹೇಳಿದ್ದ: “ಮೊಣಕಾಲು ಕೈಕೊಟ್ಟಿದೆ ಕಣೋ. ಜುಲೈ ಹತ್ತಕ್ಕೆ ತಮ್ಮನ ಮಗಳು ಬಂದು ದಕ್ಷಿಣಕ್ಕೆ ಕರ್ಕೊಂಡು ಹೋಗ್ತಾಳೆ. ಇನ್ನು ಈ ಕಡೆ ಬರಲ್ಲ. ಅಷ್ಟರಲ್ಲಿ ಬಂದ್ರೆ ನನ್ನ ಕೈಯಾರೆ ಕಾಫಿ ಕೊಡ್ತೀನಿ. ಬರದಿದ್ರೆ ಯೋಜನೆ ಓದ್ಕೊಂಡು ಕೂತಿರು.”

ಎಮಿಟ್ ಅಂಚೆ ಕಚೇರಿಗೆ ಬದಲಿ ಜನ ಗೊತ್ತುಮಾಡಿ, ಒಂಬತ್ತು ವರ್ಷದಲ್ಲಿ ಮೊದಲ ಸಲ ಹತ್ತು ದಿನ ರಜೆ ಹಾಕಿದ. ಜುಲೈ ಮೂರರಂದು ಹೊರಡುವುದೆಂದು ಅಂಚೆ ಕಚೇರಿಯ ಬಾಗಿಲಿಗೆ ಚೀಟಿ ಅಂಟಿಸಿದ.

ಚೀಟಿ ಅಂಟಿಸಿದ್ದೇ ತಡ, ಜನ ಬಂದರು. ಉತ್ತರಕ್ಕೆ ಹೊರಟ ವಿಮಾನವನ್ನು ನಮ್ಮೂರಲ್ಲಿ ಯಾರೂ ಖಾಲಿ ಕಳಿಸುವುದಿಲ್ಲ. ಅಂಗಡಿಯ ಲೂಸಿಂಡಾ ಆರು ಬಾಟಲಿ ಹಣ್ಣಿನ ಜಾಮ್ ತಂದಳು. ಊರಿನ ರೇಡಿಯೊ ನೋಡಿಕೊಳ್ಳುವ ವಿನಿಫ್ರೆಡ್ ಅಜ್ಜಿ ತಾನು ಹೆಣೆದ ಕೈಗವಸು ತಂದಳು. ಪಕ್ಕದ ಮನೆಯ ಕ್ಲೆಮ್ ಟೈಟಸ್, ಆರು ವರ್ಷದ ಹಿಂದೆ, ಯಾಲ್ಮರ್ ಇನ್ನೂ ಊರಲ್ಲಿದ್ದಾಗ, ಅವನಿಂದ ಕೇಳಿ ತಂದಿದ್ದ ಎರಕದ ಬಾಣಲೆ ತಂದ. ಬೇಟೆಗಾರ ಟೋರ್ವಾಲ್ಡ್ ಒಂದು ನಾಯಿ ತಂದ.

“ಆಗಲ್ಲ,” ಎಂದ ಎಮಿಟ್, ತಕ್ಕಡಿಯ ಪಕ್ಕ ನಿಂತು. “ತೂಕ ಎಲ್ಲ ಲೆಕ್ಕ ಹಾಕಿ ಆಗಿದೆ. ಇನ್ನು ಒಂದು ಸೂಜಿಗೂ ಜಾಗ ಇಲ್ಲ.”

“ಏಳೇ ಪೌಂಡ್ ಮಾರಾಯ,” ಎಂದ ಕ್ಲೆಮ್. “ನೀನು ಬೆಳಗ್ಗೆ ಎರಡು ಪ್ಯಾನ್‌ಕೇಕ್ ಕಮ್ಮಿ ತಿಂದ್ರೆ ಆಯ್ತು.”

“ಪ್ಯಾನ್‌ಕೇಕ್ ಹದಿನೇಳನೇ ಪುಟದಲ್ಲಿ ಸೇರಿದೆ.”

ಕ್ಲೆಮ್ ಜೀವಮಾನದಲ್ಲಿ ಯಾವುದನ್ನೂ ಯೋಜಿಸಿದವನಲ್ಲ. ಬೇಕು ಅನ್ನಿಸಿದಾಗ ಆಕಾಶ ನೋಡಿ, ಮೂಗು ಉಜ್ಜಿ, ಹಾರಿಬಿಡುತ್ತಿದ್ದ. ಹೋದ ಶರತ್ಕಾಲದಲ್ಲಿ ಹೀಗೆ ಹಾರಿ ಇಳಿಯುವಾಗ ಪ್ರೊಪೆಲ್ಲರ್ ಮುರಿದು, ಅವನ ವಿಮಾನ ಮೂಗಿಲ್ಲದ ಮುಖದಂತೆ ಮನೆಯ ಪಕ್ಕ ನಿಂತಿತ್ತು. ಅವನು ಬಾಣಲೆ ಎತ್ತಿಕೊಂಡು, “ಸರಿ ಬಿಡು, ಮುಂದಿನ್ವರ್ಷ,” ಎಂದು ಹೊರಟುಹೋದ.

ಇನ್ನು ಕೂಗುಪೆಟ್ಟಿಗೆಯ ವಿಚಾರ. ಪ್ರತಿ ವಿಮಾನದ ಬಾಲದಲ್ಲೂ ಕಿತ್ತಳೆ ಬಣ್ಣದ ಒಂದು ಡಬ್ಬ ಇರುತ್ತದೆ. ವಿಮಾನ ಬಿದ್ದರೆ ಆ ಪೆಟ್ಟಿಗೆ ತಾನಾಗಿ ರೇಡಿಯೊದಲ್ಲಿ ಕೂಗತೊಡಗುತ್ತದೆ. ನಮ್ಮೂರಿನವು ಹಳೆಯ ಪೆಟ್ಟಿಗೆಗಳು. ಯಾರ ಪೆಟ್ಟಿಗೆ, ಎಲ್ಲಿದೆ ಎಂದು ಹೇಳುವಷ್ಟು ಬುದ್ಧಿ ಅವಕ್ಕಿಲ್ಲ. ಅಳುವ ಮಗುವಿನಂತೆ ಅಳುವುದಷ್ಟೇ ಗೊತ್ತು, ಮತ್ತು ಮಗುವಿನಂತೆಯೇ ಸಣ್ಣ ಪೆಟ್ಟಿಗೂ ಶುರುಮಾಡುತ್ತವೆ. ಎರಡು ವರ್ಷದ ಹಿಂದೆ ಟೋರ್ವಾಲ್ಡ್ ಮೂಸ್ ಎಂಬ ಭಾರೀ ಕಾಡುಜಿಂಕೆಯ ತೊಡೆಯೊಂದನ್ನು ವಿಮಾನದೊಳಕ್ಕೆ ಎಸೆದು ಮನೆಗೆ ಹೋಗಿ ಮಲಗಿಬಿಟ್ಟ. ಪೆಟ್ಟಿಗೆ ಅಂಗಳದಲ್ಲಿ ಅಳುತ್ತಿತ್ತು, ಇಡೀ ಊರು ಮೂರು ಗಂಟೆ ಕಾಡು ಜಾಲಾಡಿತು. ಅಂದಿನಿಂದ ಟೋರ್ವಾಲ್ಡ್ ಎಲ್ಲಿ ಕಂಡರೂ ಜನ “ಸಿಕ್ಕಿದ್ಯಾ?” ಎಂದು ಕೇಳುತ್ತಾರೆ. ಎಲ್ಲರಿಗಿಂತ ಜೋರಾಗಿ ನಕ್ಕವನು ಎಮಿಟ್. ನಕ್ಕು ಸುಮ್ಮನಾಗಲಿಲ್ಲ, ಹುಡುಕಾಟದ ನಿಯಮಗಳನ್ನು ಬರೆದು ಊರಿನ ಹಾಲ್‌ನ ಗೋಡೆಗೆ ಹೊಡೆದ. ಒಂದನೇ ನಿಯಮ: ಕೂಗು ಕೇಳಿದ ಕೂಡಲೇ ಪ್ರತಿಯೊಬ್ಬರೂ ಮೊದಲು ತಮ್ಮ ವಿಮಾನದ ಬಾಲ ತೆರೆದು ನೋಡತಕ್ಕದ್ದು.

ಜುಲೈ ಮೂರರ ಬೆಳಗ್ಗೆ ಐದಕ್ಕೆ ಎಮಿಟ್ ಪ್ಯಾನ್‌ಕೇಕ್ ತಿನ್ನುತ್ತಿರುವಾಗ ಹಾಲ್‌ನ ಗಂಟೆ ಹೊಡೆದುಕೊಂಡಿತು. ವಿನಿಫ್ರೆಡ್ ಅಜ್ಜಿ ಎರಡೂ ಕೈಯಲ್ಲಿ ಹಗ್ಗ ಎಳೆಯುತ್ತಿದ್ದಳು.

“ಈಗಷ್ಟೇ ರೇಡಿಯೊ ಹಚ್ಚಿದೆ, ಕೂಗು ಬರ್ತಿದೆ,” ಎಂದಳು. ಹಾಲ್‌ನ ರೇಡಿಯೊದಿಂದ ಕುಂಯ್, ಕುಂಯ್ ಎಂಬ ಅಳು ಎಡೆಬಿಡದೆ ಕೇಳುತ್ತಿತ್ತು. “ನಗರದ ರಕ್ಷಣಾ ಕಚೇರಿಗೆ ಫೋನ್ ಮಾಡ್ದೆ. ಯಾರೂ ಕಾಣೆಯಾದ ದೂರು ಬಂದಿಲ್ಲವಂತೆ. ಅವರ ವಿಮಾನ ಎಲ್ಲ ಕಾಡ್ಗಿಚ್ಚಿನ ಕಡೆ ಹೋಗಿವೆ, ಸದ್ಯಕ್ಕೆ ನೀವೇ ನೋಡ್ಕೊಳ್ಳಿ ಅಂದ್ರು.”

“ದೂರು ಬಂದಿಲ್ಲ ಅಂದ್ರೆ ಒಂಟಿ ಮನುಷ್ಯ,” ಎಂದ ಎಮಿಟ್ ಗಂಭೀರವಾಗಿ. “ಅವನಿಗೋಸ್ಕರ ಯಾರೂ ಕಾಯ್ತಿಲ್ಲ ಅಂತ ಅರ್ಥ.”

“ಪಾಪ,” ಎಂದಳು ಲೂಸಿಂಡಾ.

ಎಮಿಟ್ ಒಂದನೇ ನಿಯಮವನ್ನು ಗಟ್ಟಿಯಾಗಿ ಓದಿದ. ಲೂಸಿಂಡಾಳ ವಿಮಾನದ ಬಾಲ ತೆರೆಸಿದ. ಟೋರ್ವಾಲ್ಡ್‌ನದನ್ನು ಎರಡು ಸಲ ತೆರೆಸಿದ. ಕ್ಲೆಮ್‌ನ ಮೂಗಿಲ್ಲದ ವಿಮಾನವನ್ನೂ ಬಿಡಲಿಲ್ಲ.

“ನಿನ್ನದು?” ಎಂದ ಟೋರ್ವಾಲ್ಡ್, ಸ್ವಲ್ಪ ಆಸೆಯಿಂದ.

ಎಮಿಟ್ ಜೇಬಿನಿಂದ ಪಟ್ಟಿ ತೆಗೆದು ತೋರಿಸಿದ. ಮೂವತ್ತೊಂದು: ಬಾಲ, ಕೂಗುಪೆಟ್ಟಿಗೆ, ಸರಿಯಾಗಿದೆ. ಪಕ್ಕದಲ್ಲಿ ಗೀಟು, ಸಮಯ, ಸಹಿ. ಕ್ಲೆಮ್ ಏನೋ ಹೇಳಲು ಬಾಯಿ ತೆರೆದವನು, ಯಾಕೋ ಕೆಮ್ಮಿ, ತನ್ನ ಬೂಟುಗಳನ್ನು ನೋಡಿಕೊಂಡ.

ಆರಕ್ಕೆ ಉತ್ತರಕ್ಕೆ ಹೊರಡಬೇಕಿದ್ದವನು ಆರಕ್ಕೇ ಹುಡುಕಾಟಕ್ಕೆ ಹೊರಟ. ಬೇಸರ ಇರಲಿಲ್ಲ. ಒಂಬತ್ತರೊಳಗೆ ಆ ಒಂಟಿ ಮನುಷ್ಯನನ್ನು ಪತ್ತೆಮಾಡಿ, ಹತ್ತಕ್ಕೆ ಪ್ರಯಾಣ ಶುರುಮಾಡುವುದೆಂದು ಹನ್ನೊಂದನೇ ಪುಟದ ಅಂಚಿನಲ್ಲಿ ತಿದ್ದುಪಡಿ ಬರೆದ. ಮೂರು ವಿಮಾನಗಳು ಎದ್ದವು: ಎಮಿಟ್ ಪಶ್ಚಿಮಕ್ಕೆ, ಲೂಸಿಂಡಾ ಪೂರ್ವಕ್ಕೆ, ಟೋರ್ವಾಲ್ಡ್ ನದಿಯ ಗುಂಟ.

ಎದ್ದ ಐದು ನಿಮಿಷಕ್ಕೆ ಎಮಿಟ್‌ನ ಎದೆ ಉಬ್ಬಿತು. “ನನಗೆ ತುಂಬ ಜೋರಾಗಿ ಕೇಳ್ತಿದೆ,” ಎಂದ ರೇಡಿಯೊದಲ್ಲಿ. “ಹತ್ತಿರದಲ್ಲೇ ಇದಾನೆ.”

“ನನಗೆ ಕ್ಷೀಣ,” ಎಂದಳು ಲೂಸಿಂಡಾ. “ನಿನ್ನ ಕಡೆ ಬರ್ತೀನಿ.”

ಅವಳು ಪಶ್ಚಿಮಕ್ಕೆ ಬರುವಷ್ಟರಲ್ಲಿ ಎಮಿಟ್ ಜೌಗು ನೆಲವನ್ನೆಲ್ಲ ನೋಡಿ ಮುಗಿಸಿ ದಕ್ಷಿಣದ ಗುಡ್ಡಗಳಿಗೆ ಹೋಗಿದ್ದ. ಅಲ್ಲೂ ಅಷ್ಟೇ ಜೋರು. ಲೂಸಿಂಡಾ ದಕ್ಷಿಣಕ್ಕೆ ಬಂದಳು. ಎಮಿಟ್ ಹೊಳೆ ಕೂಡುವ ಜಾಗಕ್ಕೆ ಹೋಗಿದ್ದ. ಅಲ್ಲೂ ಅಷ್ಟೇ ಜೋರು.

“ಇದೇನಿದು,” ಎಂದ ಟೋರ್ವಾಲ್ಡ್. “ಏಳು ಗಂಟೆಗೆ ಜೌಗಲ್ಲಿದ್ದ, ಏಳೂವರೆಗೆ ಗುಡ್ಡದಲ್ಲಿದ್ದ, ಈಗ ಹೊಳೆಯಲ್ಲಿದಾನೆ. ಪೆಟ್ಟಿಗೆ ಎತ್ಕೊಂಡು ನಡೀತಿದಾನೆ ಮನುಷ್ಯ.”

“ಗಂಟೆಗೆ ಎಂಬತ್ತು ಮೈಲಿನಾ?” ಎಂದಳು ಲೂಸಿಂಡಾ.

“ಗಾಬರಿಯಲ್ಲಿ ಜನ ಏನ್ ಬೇಕಾದ್ರೂ ಮಾಡ್ತಾರೆ,” ಎಂದ ಟೋರ್ವಾಲ್ಡ್.

“ನೋಡು ಎಮಿಟ್,” ಎಂದಳು ಲೂಸಿಂಡಾ, “ನಿನ್ನ ಹತ್ತಿರ ಬಂದ್ರೆ ಜೋರು, ದೂರ ಹೋದ್ರೆ ಸಣ್ಣ. ನಿನ್ನ ಕಾಲ ಕೆಳಗೇ ಇರಬೇಕು ಅವನು. ಕಣ್ಣು ಬಿಟ್ಕೊಂಡು ನೋಡಪ್ಪ.”

ಎಮಿಟ್ ಕಣ್ಣು ಬಿಟ್ಟುಕೊಂಡು ನೋಡಿದ. ಎಂಟಾಯಿತು, ಒಂಬತ್ತಾಯಿತು. ಪೆಟ್ರೋಲಿನ ಮುಳ್ಳು ಇಳಿಯುತ್ತಿತ್ತು, ಆದರೆ ಅವನ ಉತ್ಸಾಹ ಇಳಿಯಲಿಲ್ಲ. ಆ ಅಳು ಅವನೊಬ್ಬನನ್ನೇ ಹುಡುಕಿಕೊಂಡು ಬರುತ್ತಿತ್ತು. ಬೇರೆಯವರಿಗೆ ಕೇಳದ್ದು ತನಗೆ ಕೇಳುತ್ತಿದೆ ಎಂದರೆ ಅದಕ್ಕೆ ಒಂಬತ್ತು ವರ್ಷದ ತಯಾರಿಯೇ ಕಾರಣ ಎಂದುಕೊಂಡ. ಬಾಲ ಸ್ವಲ್ಪ ಭಾರ ಅನ್ನಿಸಿತು; ಪ್ಯಾನ್‌ಕೇಕ್ ಇರಬೇಕು ಎಂದುಕೊಂಡ.

ಒಂಬತ್ತೂವರೆಗೆ ಒಂದು ಮರಳುದಿಣ್ಣೆಯ ಮೇಲೆ ಇಳಿದ. ಕೂಗು ಯಾವ ದಿಕ್ಕಿನಿಂದ ಬರುತ್ತಿದೆ ಎಂದು ಕಂಡುಹಿಡಿಯಲು ಕೈರೇಡಿಯೊ ಹಿಡಿದು ನಡೆಯುವ ಕ್ರಮವೊಂದಿದೆ. ಜೋರಾದರೆ ಮುಂದೆ ಹೋಗಬೇಕು, ಸಣ್ಣದಾದರೆ ತಿರುಗಬೇಕು. ಮುಂದಕ್ಕೆ ನಡೆದ, ಸಣ್ಣದಾಯಿತು. ಎಡಕ್ಕೆ ನಡೆದ; ಸಣ್ಣದಾಯಿತು. ಬಲಕ್ಕೆ ನಡೆದ, ಅದೂ ಹಾಗೇ. ಹಿಂದಕ್ಕೆ ತಿರುಗಿ ನಡೆದ. ಜೋರಾಯಿತು. ಇನ್ನೂ ಜೋರಾಯಿತು. ಕಿವಿ ಹರಿಯುವಷ್ಟು ಜೋರಾದಾಗ ಅವನ ಮೂಗು ತನ್ನದೇ ಹಳದಿ ವಿಮಾನದ ಬಾಲಕ್ಕೆ ತಾಗಿಕೊಂಡಿತ್ತು.

ಸೊಳ್ಳೆಗಳು ಕಚ್ಚಿದವು; ಅವನು ಕೈ ಎತ್ತಲಿಲ್ಲ.

ಬಾಲದ ಮುಚ್ಚಳ ತೆರೆದ. ಕಿತ್ತಳೆ ಪೆಟ್ಟಿಗೆಯ ಕೆಂಪು ದೀಪ ಮಿಟುಕುತ್ತಿತ್ತು. ಅದರ ಮೈಗೆ ಒರಗಿಕೊಂಡು, ನಿಂತ ನಿದ್ದೆಯಲ್ಲಿರುವ ಕುದುರೆಯಂತೆ, ಕಪ್ಪನೆಯ ಎರಕದ ಬಾಣಲೆಯೊಂದು ನಿಂತಿತ್ತು. ಹಿಡಿಗೆ ದಾರದಲ್ಲಿ ಚೀಟಿ: ‘ಯಾಲ್ಮರ್‌ಗೆ. ತಡವಾಯಿತು. ಕ್ಲೆಮ್.’

ರಾತ್ರಿಯ ಆ ‘ಟಣ್’ ಅವನ ತಲೆಯೊಳಗೆ ಮತ್ತೊಮ್ಮೆ ಕೇಳಿಸಿತು.

ಗುಂಡಿ ಒತ್ತಿ ಪೆಟ್ಟಿಗೆಯನ್ನು ಆರಿಸಿದ. ಕೂಗು ನಿಂತಿತು. ಎಷ್ಟು ಚೊಕ್ಕವಾಗಿ ನಿಂತಿತೆಂದರೆ ಹೊಳೆಯ ನೀರು ಹರಿಯುವ ಸದ್ದು ಕೇಳತೊಡಗಿತು.

“ಕೂಗು ನಿಂತುಹೋಯ್ತು,” ಎಂದಿತು ರೇಡಿಯೊದಲ್ಲಿ ವಿನಿಫ್ರೆಡ್ ಅಜ್ಜಿಯ ಧ್ವನಿ. ಲೂಸಿಂಡಾ ಮೂಗೆಳೆದುಕೊಂಡು ಕೇಳಿದಳು: “ಎಮಿಟ್, ನೀನೇ ಹತ್ತಿರ ಇದ್ದೋನು. ಏನಾಯ್ತಪ್ಪ? ಹೇಳು.”

ಎಮಿಟ್ ಮೈಕು ಬಾಯಿಗೆ ಹಿಡಿದ. ಹೇಳಿಬಿಡುವುದೆಂದೇ ಹಿಡಿದದ್ದು. ಬಾಣಲೆ ಕ್ಲೆಮ್‌ನದು, ತಪ್ಪು ಕ್ಲೆಮ್‌ನದು. ಆದರೆ ಮೂರೂವರೆ ಗಂಟೆ ಅಳುವ ಪೆಟ್ಟಿಗೆಯನ್ನು ಬೆನ್ನಿಗೆ ಕಟ್ಟಿಕೊಂಡು ಆಕಾಶದಲ್ಲಿ ಸುತ್ತಿದವನು ಯಾರು? ಆವತ್ತು ಟೋರ್ವಾಲ್ಡ್ ಪಾಪ ಮಲಗಿದ್ದ. ತಾನು ತನ್ನನ್ನೇ ಬೆನ್ನಟ್ಟಿಕೊಂಡು ಹಾರಿದ್ದ, ಪಟ್ಟಿಯ ಗೀಟನ್ನು ಎಲ್ಲರಿಗೂ ತೋರಿಸಿ ಬಂದು. ‘ಸಿಕ್ಕಿದ್ಯಾ?’ ಎಂಬ ಪ್ರಶ್ನೆ ಅಂಚೆ ಕಚೇರಿಯ ಕಿಂಡಿಯೊಳಗಿನಿಂದ ದಿನಕ್ಕೆ ನಲವತ್ತು ಸಲ ತೂರಿಬರುವುದು ಕಣ್ಣಿಗೆ ಕಟ್ಟಿತು.

“ಬ್ಯಾಟರಿ ಮುಗಿದಿರಬೇಕು,” ಎಂದ.

“ಪಾಪದ ಜೀವ,” ಎಂದಳು ಅಜ್ಜಿ. “ಎಲ್ಲರೂ ವಾಪಸ್ ಬನ್ನಿ.”

ಎಮಿಟ್ ಬಾಣಲೆಯನ್ನು ಸೀಟಿನ ಕೆಳಗೆ ತುರುಕಿ ಹಾರಿದ.

ಹತ್ತೂವರೆಗೆ ಊರೆಲ್ಲ ಹಾಲ್‌ನಲ್ಲಿ ಸೇರಿತ್ತು. ಮೇಜಿನ ಮೇಲೆ ಕಾಫಿ, ಒಣಗಿಸಿದ ಸಾಲ್ಮನ್. ಯಾರೂ ಮುಟ್ಟಿರಲಿಲ್ಲ. ಅಜ್ಜಿ ಕನ್ನಡಕ ಏರಿಸಿಕೊಂಡು ಗೋಡೆಯ ನಿಯಮಗಳನ್ನು ಓದಿದಳು. ಮೂರನೇ ನಿಯಮ: ಕೂಗು ನಿಂತರೂ ಮೂರು ದಿನ ಹುಡುಕಾಟ ನಿಲ್ಲಿಸತಕ್ಕದ್ದಲ್ಲ.

“ಮುಖ್ಯಸ್ಥರು ಬೇಕು,” ಎಂದಳು. “ಉತ್ತರದ ಒಂದೊಂದು ಕಲ್ಲು ಬರೆದಿಟ್ಕೊಂಡೋನು ನಮ್ಮಲ್ಲಿ ಒಬ್ಬನೇ.”

ಎಲ್ಲ ಕೈಗಳೂ ಎದ್ದವು. ಟೋರ್ವಾಲ್ಡ್‌ನದು ಕೂಡ. ಎಮಿಟ್ ಬೇಡವೆನ್ನಲು ಎದ್ದು ನಿಂತ; ನಿಲ್ಲುವಷ್ಟರಲ್ಲಿ ಅವನಿಗೊಂದು ಅದ್ಭುತ ಉಪಾಯ ಹೊಳೆಯಿತು. ಮುಖ್ಯಸ್ಥ ಎಂದರೆ ಯಾರು ಯಾವ ದಿಕ್ಕಿಗೆ ಎಂದು ಹೇಳುವವನು. ಬೇರೆಯವರನ್ನು ಪೂರ್ವ ಪಶ್ಚಿಮಕ್ಕೆ ಕಳಿಸಿ, ಉತ್ತರವನ್ನು ತಾನೇ ಇಟ್ಟುಕೊಂಡರಾಯಿತು. ಬೆಟ್ಟ ದಾಟಿ, ಬಯಲು ದಾಟಿ, ಮೂರು ದಿನದಲ್ಲಿ ಸರೋವರ. ಕಾಫಿಯೂ ಉಂಟು, ಮಾನವೂ ಉಂಟು. ಪ್ರಯಾಣ ರದ್ದಾಗುವುದಿಲ್ಲ, ಹೆಸರು ಬದಲಾಗುತ್ತದೆ, ಅಷ್ಟೆ.

“ನಿಮ್ಮ ನಂಬಿಕೆಗೆ ನಾನು ಋಣಿ,” ಎಂದ ಎಮಿಟ್. ನಾಲ್ಕು ನಿಮಿಷ ಮಾತಾಡಿದ. ಆ ಒಂಟಿ ಮನುಷ್ಯನನ್ನು ಹುಡುಕದೆ ವಿರಮಿಸುವುದಿಲ್ಲ ಎಂದ. ಲೂಸಿಂಡಾ ಕಣ್ಣೊರೆಸಿಕೊಂಡಳು. “ಲೂಸಿಂಡಾ ಪೂರ್ವ. ಟೋರ್ವಾಲ್ಡ್ ಪಶ್ಚಿಮ. ಉತ್ತರ ಕಷ್ಟದ್ದು. ಅದನ್ನ ನಾನೇ ನೋಡ್ಕೋತೀನಿ.”

“ಅದು ಹೇಗಾಗುತ್ತೆ?” ಎಂದ ಕ್ಲೆಮ್. ಅವನು ಮೂಲೆಯಲ್ಲಿ ನಿಂತಿದ್ದ. “ನಾಲ್ಕನೇ ನಿಯಮ ಓದು.”

ಅಜ್ಜಿ ಓದಿದಳು. “ಹುಡುಕಾಟದ ಮುಖ್ಯಸ್ಥರು ರೇಡಿಯೊ ಬಿಟ್ಟು ಕದಲತಕ್ಕದ್ದಲ್ಲ.”

“ನೀನೇ ಬರೆದದ್ದು,” ಎಂದ ಕ್ಲೆಮ್. “ಹೋದ್ಸಲ ನಾನು ಮುಖ್ಯಸ್ಥ ಆಗಿ ಮೀನು ಹಿಡಿಯೋಕೆ ಹೋದಾಗ. ನನ್ನ ಹೆಸರೂ ಹಾಕಿದ್ದೆ, ಅಜ್ಜಿ ಹೊಡೆದು ಹಾಕಿದ್ಲು.”

“ಹಾಗಾದ್ರೆ ಮುಖ್ಯಸ್ಥರು ಬೇರೆ ಯಾರಾದ್ರೂ...”

“ಈಗಷ್ಟೇ ವಿರಮಿಸಲ್ಲ ಅಂದ್ಯಲ್ಲಪ್ಪ,” ಎಂದಳು ಅಜ್ಜಿ. “ದೊಡ್ಡ ಮಾತು ಅದು. ಕೂತ್ಕೋ. ಉತ್ತರಕ್ಕೆ ಕ್ಲೆಮ್ ಹೋಗ್ಲಿ. ಅವನ ವಿಮಾನಕ್ಕೆ ಮೂಗಿಲ್ಲ, ನಿನ್ನದು ತಯಾರಾಗಿ ನಿಂತಿದೆ. ದಾರಿಯಲ್ಲಿ ಪೆಟ್ರೋಲೂ ಇಟ್ಟಿದೀಯ.”

“ಅವನಿಗೆ ದಾರಿ...”

“ಬರೆದಿದೆಯಲ್ಲ,” ಎಂದ ಕ್ಲೆಮ್. “ಓದ್ಕೊಂಡು ಹೋಗ್ತೀನಿ. ಒಂದ್ಸಲ ಯೋಜನೆ ಹಾಕ್ಕೊಂಡು ಹೋಗಿ ನೋಡ್ಬೇಕು ಅಂತ ನನಗೂ ಆಸೆ ಇತ್ತು.”

ಕೈಗಳು ಕಾಫಿಗೆ ಹೋದವು. ತೀರ್ಮಾನವಾಗಿತ್ತು.

ಪೆಟ್ರೋಲ್ ತುಂಬಿಸಿ ಹೊರಡುವಾಗ ಎಮಿಟ್ ನಲವತ್ತಮೂರು ಪುಟಗಳನ್ನು ಕ್ಲೆಮ್‌ನ ಕೈಗಿಟ್ಟ, ಮಗುವನ್ನು ದತ್ತು ಕೊಡುವವನಂತೆ. ಊರಿನವರು ಬೀಳ್ಕೊಡಲು ಬಂದಿದ್ದರು. ಲೂಸಿಂಡಾ ಜಾಮ್ ತಂದಿದ್ದಳು, ಅಜ್ಜಿ ಕೈಗವಸು ತಂದಿದ್ದಳು. ಯಾವುದನ್ನೂ ಯಾರೂ ತಕ್ಕಡಿಗೆ ಹಾಕಲಿಲ್ಲ. ಎಮಿಟ್‌ಗಿಂತ ಕ್ಲೆಮ್ ನಲವತ್ತು ಪೌಂಡ್ ಹಗುರ.

ಕ್ಲೆಮ್ ಮೊದಲು ಹೋಗಿ ಬಾಲದ ಮುಚ್ಚಳ ತೆರೆದ. ಒಳಗೆ ನೋಡಿದ. ಬಹಳ ಹೊತ್ತು ನೋಡಿದ. ಮುಚ್ಚಿದ. ಆಮೇಲೆ ಸೀಟಿನ ಕೆಳಗೆ ಚೀಲ ತುರುಕಲು ಬಗ್ಗಿದವನು ಬಾಣಲೆಯನ್ನು ಹಿಡಿದುಕೊಂಡು ಎದ್ದ.

ಇಬ್ಬರೂ ಬಾಣಲೆಯನ್ನು ನೋಡಿದರು. ರಾತ್ರಿ ಬಾಲದಲ್ಲಿ ಇದ್ದದ್ದು ಬೆಳಗ್ಗೆ ಸೀಟಿನ ಕೆಳಗೆ ತಾನಾಗಿ ಬರುವುದಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು. ಇನ್ನೊಬ್ಬನಿಗೆ ಗೊತ್ತಿದೆ ಎಂಬುದೂ ಗೊತ್ತಾಯಿತು.

“ಒಳ್ಳೆ ಬಾಣಲೆ,” ಎಂದ ಕ್ಲೆಮ್ ಕೊನೆಗೆ.

“ಹೂಂ,” ಎಂದ ಎಮಿಟ್. “ಭಾರ ಇದೆ.”

“ಏಳೇ ಪೌಂಡ್.”

ಕ್ಲೆಮ್ ಆಕಾಶ ನೋಡಿ, ಮೂಗು ಉಜ್ಜಿ, ಹಾರಿದ.

ಮುಂದಿನ ಮೂರು ದಿನ ಎಮಿಟ್ ರೇಡಿಯೊ ಮುಂದೆ ಕೂತ. ಪೂರ್ವದಿಂದ ವರದಿ ಬಂತು: ಏನೂ ಇಲ್ಲ. ಪಶ್ಚಿಮದಿಂದ ಬಂತು: ಏನೂ ಇಲ್ಲ. ಉತ್ತರದಿಂದ ಬಂದ ವರದಿಗಳು ಮಾತ್ರ ಉದ್ದ. “ಹದಿನಾಲ್ಕನೇ ಪುಟದ ಮರಳುದಿಣ್ಣೆ. ನೀನು ಬರೆದ ಹಾಗೇ ಇದೆ. ಕಾಣೆಯಾದವನ ಸುಳಿವಿಲ್ಲ. ಮೀನು ಚೆನ್ನಾಗಿದೆ.” “ಕಣಿವೆ ದಾಟಿದೆ. ಸುಳಿವಿಲ್ಲ. ಇಂಥ ಬೆಳಕು ನಾನು ನೋಡಿಲ್ಲ ಮಾರಾಯ, ಇದನ್ನ ಯಾಕೆ ಬರೆದಿಲ್ಲ ನೀನು?” “ಇಪ್ಪತ್ತೊಂಬತ್ತನೇ ಪುಟದ ಕರಡಿ ಅಲ್ಲೇ ಇದಾಳೆ. ಎರಡು ಮರಿ. ತಿದ್ಕೋ.” ಎಮಿಟ್ ತಿದ್ದಿಕೊಂಡ.

ಮೂರನೇ ಸಂಜೆ ಹಾಲ್ ತುಂಬಿತ್ತು. ರೇಡಿಯೊ ಗೊರಗೊರ ಎಂದು, ಕ್ಲೆಮ್‌ನ ಧ್ವನಿ ಬಂತು.

“ಸರೋವರ ತಲುಪಿದೆ. ಯಾಲ್ಮರ್ ಪಕ್ಕದಲ್ಲೇ ಇದಾನೆ. ಬಾಣಲೆಯಲ್ಲಿ ಮೀನು ಹುರೀತಿದಾನೆ. ಕಾಫಿ ಕೊಟ್ಟ. ಹತ್ತಕ್ಕೆ ಹೊರಡ್ತಾನಂತೆ. ನೀನು ಬರ್ಲಿಲ್ಲ ಅಂತ ಬೇಜಾರು ಮಾಡ್ಕೊಂಡ, ಇಂಥ ಕೆಲಸದಲ್ಲಿದೀಯ ಅಂದೆ. ಹೆಮ್ಮೆ ಪಟ್ಕೊಂಡ. ಎಮಿಟ್, ಅವನೊಂದು ಮಾತು ಕೇಳ್ತಿದಾನೆ. ಕಾಣೆಯಾದವನು ಯಾರು ಅಂತ. ಏನ್ ಹೇಳ್ಲಿ?”

ಹಾಲ್‌ನಲ್ಲಿ ಎಲ್ಲರೂ ಎಮಿಟ್‌ನ ಕಡೆ ತಿರುಗಿದರು. ಟೋರ್ವಾಲ್ಡ್ ಟೋಪಿ ತೆಗೆದು ಎದೆಗೆ ಹಿಡಿದುಕೊಂಡಿದ್ದ.

“ಇನ್ನೂ ಗುರುತು ಸಿಕ್ಕಿಲ್ಲ ಅಂತ ಹೇಳು,” ಎಂದ ಎಮಿಟ್.

“ಹಾಗೇ ಹೇಳ್ತೀನಿ,” ಎಂದ ಕ್ಲೆಮ್. “ನಾನೂ ಅಷ್ಟೇ ಹೇಳೋದು, ಎಲ್ಲರಿಗೂ.”

ವಿನಿಫ್ರೆಡ್ ಅಜ್ಜಿ ಎಮಿಟ್‌ನ ಹೆಗಲ ಮೇಲೆ ಕೈಯಿಟ್ಟಳು. “ಬೇಜಾರು ಮಾಡ್ಕೋಬೇಡಪ್ಪ. ಅವನಿಗೆ ಯಾರೂ ಇರ್ಲಿಲ್ಲ ಅಂದ್ರೂ, ನೀನು ಇದ್ದೆ.”

ರೇಡಿಯೊ ಪುಸ್ತಕ ಮುಂದೆ ತೆರೆದಿತ್ತು. ಅದರಲ್ಲಿ ‘ಕಾಣೆಯಾದವರ ಹೆಸರು’ ಎಂಬ ಅಂಕಣವೊಂದಿತ್ತು. ಅದಕ್ಕೂ ಅಳತೆಪಟ್ಟಿ ಹಿಡಿದು ಗೆರೆ ಎಳೆದವನು ಎಮಿಟ್. ಅವನ ಪೆನ್ನು ಆ ಖಾಲಿ ಜಾಗದ ಮೇಲೆ ಸ್ವಲ್ಪ ಹೊತ್ತು ನಿಂತಿತು. ಕಾಫಿಯ ಪರಿಮಳ ಬರುತ್ತಿತ್ತು, ಹಾಲ್‌ನ ಕಾಫಿಯದು. ಯಾರಿಗೂ ಹೇಳುವುದು ಬೇಡ ಎಂದು ತೀರ್ಮಾನಿಸಿ, ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡ.